ಶಾಲೆಯ ಧ್ವಜಕಟ್ಟೆಗೆ ಖಾದಿ ಬಾವುಟವನ್ನೇ ಕೊಳ್ಳಿ

ಸಂಪಾದಕರಿಗೆ ನಮಸ್ಕಾರ.

ನಾನು ಧಾರವಾಡ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ 34 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಅದು ಕಾಗದದ ಮೇಲಿನ ಹೆಸರು. ಊರವರ ಬಾಯಲ್ಲಿ ಡ್ರಿಲ್ ಮಾಸ್ತರ. 2020ರಲ್ಲಿ ನಿವೃತ್ತನಾದೆ. ವರ್ಷಕ್ಕೆ ಎರಡೇ ಸಲ ಅಂತ ಹಿಡಿದರೂ 68 ಸಲ ಧ್ವಜ ಮಡಚಿ ಕಂಬಕ್ಕೆ ಕಟ್ಟಿದ್ದೇನೆ. ಹಗ್ಗ ಎಳೆಯುವವರು ಯಾವಾಗಲೂ ಬೇರೆಯವರು. ಹೆಡ್ ಮಾಸ್ತರೋ, ಊರ ಹಿರಿಯರೋ, ಮುಖ್ಯ ಅತಿಥಿಗಳೋ. ಪೇಪರಿನಲ್ಲಿ ಅವರ ಫೋಟೊ ಬರುತ್ತದೆ. ಗಂಟು ಬಿಚ್ಚದೆ ಸಿಕ್ಕಿಕೊಂಡಾಗ ಮಾತ್ರ ಇಡೀ ಮೈದಾನ ನನ್ನ ಕಡೆ ತಿರುಗಿ ನೋಡುತ್ತಿತ್ತು.

ಈ ಪತ್ರಕ್ಕೆ ಕಾರಣ ಹೋದ ತಿಂಗಳು ನಡೆದ ಒಂದು ಸಣ್ಣ ಸಂಗತಿ. ನನ್ನ ಜಾಗಕ್ಕೆ ಬಂದಿರುವ ಹುಡುಗ ಫೋನ್ ಮಾಡಿದ. “ಸರ, ಕಪಾಟಿನ್ಯಾಗ ಹಳೇ ಝಂಡಾ ಐದಾರು ಅದಾವ್ರಿ. ಎಲ್ಲಾ ಹರದಾವು. ಏನ್ ಮಾಡೂದ್ರಿ?” ಅಂದ. ಪಾಪ, ಒಳ್ಳೆ ಹುಡುಗ. ಕಸದ ಗಾಡಿಗೆ ಹಾಕದೆ ಕೇಳಿದನಲ್ಲ ಅಂತ ನನಗೆ ಖುಷಿಯಾಯಿತು. ಧ್ವಜ ಸಂಹಿತೆಯಲ್ಲಿ ಇದಕ್ಕೆ ದಾರಿ ಹೇಳಿದ್ದಾರೆ. ಹರಿದ, ಬಣ್ಣಗೆಟ್ಟ ಧ್ವಜವನ್ನು ನಾಲ್ಕು ಜನರ ಎದುರಿಗೆ ಅಲ್ಲ, ಏಕಾಂತದಲ್ಲಿ, ಪೂರ್ತಿಯಾಗಿ ಇಲ್ಲವಾಗಿಸಬೇಕು. ಸುಡುವುದು ಉತ್ತಮ. ಇಲ್ಲವೇ ಧ್ವಜದ ಮರ್ಯಾದೆಗೆ ತಕ್ಕ ಬೇರೆ ರೀತಿಯಲ್ಲಿ.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ನಾವಿಬ್ಬರೂ ಶಾಲೆಯ ಹಿಂದೆ ನೀರಿನ ಟಾಕಿಯ ಹತ್ತಿರ ಒಂದು ಚಪ್ಪಡಿ ಕಲ್ಲು ತೊಳೆದು ಕೂತೆವು. ಆರು ಬಾವುಟ ಇದ್ದವು. ಒಂದು ನನ್ನ ಕಾಲದ್ದು, ಖಾದಿಯದು. ಉಳಿದ ಐದು ನಾನು ಬಿಟ್ಟ ಮೇಲೆ ಕೊಂಡವು, ಪಾಲಿಯೆಸ್ಟರ್. ಮೊದಲು ಖಾದಿಯದಕ್ಕೆ ಕಡ್ಡಿ ಗೀರಿದೆ. ನಿಧಾನವಾಗಿ ಹತ್ತಿಕೊಂಡಿತು. ದೇವರ ಮುಂದಿನ ಬತ್ತಿ ಆರಿದಾಗ ಬರುತ್ತದಲ್ಲ, ಆ ವಾಸನೆ. ಉರಿದು ಮುಗಿದ ಮೇಲೂ ಬೂದಿಯಲ್ಲಿ ನೇಯ್ಗೆಯ ಎಳೆ ಒಂದು ಗಳಿಗೆ ಹಾಗೇ ಕಾಣುತ್ತಿತ್ತು. ಗಾಳಿ ಬೀಸಿತು, ಹೋಯಿತು.

ಆಮೇಲೆ ಪಾಲಿಯೆಸ್ಟರ್. ಬೆಂಕಿ ಮುಟ್ಟಿದ ಕೂಡಲೇ ಅದು ಮುದುಡಿಕೊಂಡಿತು. ಕೇಸರಿ, ಬಿಳಿ, ಹಸಿರು ಎಲ್ಲ ಕರಗಿ ಒಂದಾಗಿ ಕಪ್ಪು ಗೊಜ್ಜಿನಂತೆ ಕಲ್ಲಿನ ಮೇಲೆ ತೊಟ್ಟಿಕ್ಕಿತು. ಪ್ಲಾಸ್ಟಿಕ್ ಸುಟ್ಟ ಘಾಟಿಗೆ ಇಬ್ಬರೂ ಮೂಗು ಮುಚ್ಚಿಕೊಂಡು ಎದ್ದೆವು. ಆರಿದ ಮೇಲೆ ನೋಡಿದರೆ ಕಲ್ಲಿಗೆ ಅಂಟಿದ ಕರಿ ಉಂಡೆಗಳು. ಕುರ್ಪಿ ತಂದು ಕೆರೆದು ತೆಗೆಯಬೇಕಾಯಿತು. ಉಳಿದ ನಾಲ್ಕನ್ನು ಸುಡುವ ಧೈರ್ಯ ಬರಲಿಲ್ಲ. ಮಡಚಿ ಮತ್ತೆ ಕಪಾಟಿಗೇ ಇಟ್ಟೆವು. “ಇದು ಮರ್ಯಾದೆಯಿಂದ ಮಾಡಿದಂಗ ಆತೇನ್ರಿ ಸರ?” ಅಂತ ಹುಡುಗ ಕೇಳಿದ. ನಾನು ಕುರ್ಪಿ ತೊಳೆಯುತ್ತಿದ್ದೆ. ಉತ್ತರ ಕೊಡಲಿಲ್ಲ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜ ಸಂಹಿತೆಯ 1.2ನೇ ಅಂಶದಲ್ಲಿ ಸ್ಪಷ್ಟವಾಗಿ ಬರೆದಿತ್ತು: ರಾಷ್ಟ್ರಧ್ವಜವನ್ನು ಕೈಯಿಂದ ನೂತು ಕೈಯಿಂದ ನೇಯ್ದ ಉಣ್ಣೆ, ಹತ್ತಿ ಅಥವಾ ರೇಷ್ಮೆ ಖಾದಿಯಲ್ಲೇ ಮಾಡಬೇಕು. 2021ರ ಡಿಸೆಂಬರ್ 30ರಂದು ಇದನ್ನು ತಿದ್ದಿದರು. ಯಂತ್ರದಲ್ಲಿ ಮಾಡಿದ್ದೂ ಆಗುತ್ತದೆ, ಪಾಲಿಯೆಸ್ಟರ್ ಆದರೂ ಆಗುತ್ತದೆ ಅಂತಾಯಿತು. ತಮಾಷೆ ಏನು ಗೊತ್ತಾ? ಹಳೆಯ ವಾಕ್ಯಕ್ಕೇ ಹೊಸ ಪದ ತುರುಕಿದ್ದರಿಂದ ‘ಖಾದಿ’ ಎಂಬ ಮಾತು ಅಲ್ಲೇ ಉಳಿದುಬಿಟ್ಟಿದೆ. ಓದಿದರೆ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಖಾದಿ ಅಂತ ಅರ್ಥ ಬರುತ್ತದೆ. ಅಂಥ ಬಟ್ಟೆ ಎಲ್ಲಿ ಸಿಗುತ್ತದೋ ನಾನು ಕಾಣೆ.

ಮರುವರ್ಷವೇ ‘ಹರ್ ಘರ್ ತಿರಂಗಾ’ ಬಂತು. 20 ಕೋಟಿ ಮನೆಗಳ ಮೇಲೆ ಬಾವುಟ ಹಾರಿಸುವ ಗುರಿ. ಪೋಸ್ಟ್ ಆಫೀಸಿನಲ್ಲಿ 25 ರೂಪಾಯಿಗೆ ಒಂದು. ಖಾದಿ ಬಾವುಟಕ್ಕೆ ಇದ್ದ ಜಿಎಸ್‌ಟಿ ವಿನಾಯಿತಿ ಪಾಲಿಯೆಸ್ಟರಿಗೂ ಸಿಕ್ಕಿತು. ಸೂರತ್‌ನ ಗಿರಣಿಗಳಲ್ಲಿ ಹಗಲೂ ರಾತ್ರಿ ತ್ರಿವರ್ಣದ ಥಾನು ಅಚ್ಚಾಗಿ ಬಂದವು. ಅದೇ ಹೊತ್ತಿಗೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವವರು ಧರಣಿ ಕೂತಿದ್ದರು.

ನಾನು ಸಾಚಾ ಅಂತ ಹೇಳಿಕೊಳ್ಳುತ್ತಿಲ್ಲ. ಆ 25 ರೂಪಾಯಿಯ ಬಾವುಟವನ್ನು ನಾನೂ ಕೊಂಡೆ. ಮೊಮ್ಮಗಳು ಹಟ ಮಾಡಿದಳು. ಪೋಸ್ಟ್ ಆಫೀಸಿಗೆ ಹೋಗಿ ಸಾಲಿನಲ್ಲಿ ನಿಂತು ತಂದೆ, ಮಾಳಿಗೆ ಮೇಲೆ ಕಟ್ಟಿದೆ. ಬಡ ಮನೆಗಳ ಮೇಲೂ ಆ ವರ್ಷ ಬಾವುಟ ಹಾರಿತು. ಅದು ನೋಡಲು ಚೆಂದವೇ ಇತ್ತು. ಇಪ್ಪತ್ತು ಕೋಟಿ ಬಾವುಟಕ್ಕೆ ಬೇಕಾದಷ್ಟು ನೂಲನ್ನು ಆರೇಳು ತಿಂಗಳಲ್ಲಿ ಕೈಯಿಂದ ತೆಗೆಯಲು ಆಗುವುದಿಲ್ಲ. ಇದು ಯಾರಿಗಾದರೂ ಗೊತ್ತಾಗುವ ಲೆಕ್ಕ. ಇನ್ನು ಪಾಲಿಯೆಸ್ಟರ್ ಅಂದರೆ ನನಗೆ ಮೈಲಿಗೆಯೂ ಅಲ್ಲ. 34 ವರ್ಷ ಪಾಲಿಯೆಸ್ಟರ್ ಟ್ರ್ಯಾಕ್ ಸೂಟಿನಲ್ಲೇ ಬಾಳಿದವನು ನಾನು. ಶಿಳ್ಳೆಯೂ ಪ್ಲಾಸ್ಟಿಕ್ಕಿನದೇ.

ಹಾಗಾಗಿ ಮನೆ ಮೇಲಿನ ಬಾವುಟದ ತಂಟೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ಶಾಲೆ, ಪಂಚಾಯಿತಿ, ಕಚೇರಿಗಳ ಧ್ವಜಕಟ್ಟೆಯದು. ಅಲ್ಲಿ ಖರ್ಚಾಗುವುದು ಸರ್ಕಾರದ ದುಡ್ಡು. ಆ ದುಡ್ಡಿನಲ್ಲಿ ಖಾದಿಯದನ್ನೇ ಕೊಳ್ಳಬೇಕು ಎಂಬುದಷ್ಟೇ ನನ್ನ ಮಾತು. ಯಾಕೆ ಅಂತ ಹೇಳಲು ನಮ್ಮ ಚಿಕ್ಕವ್ವನ ವಿಷಯ ಹೇಳಬೇಕು.

ನಮ್ಮ ಚಿಕ್ಕವ್ವನ ಮನೆ ಗರಗದ ಹತ್ತಿರ. ಧಾರವಾಡದಿಂದ ಬೆಳಗಾವಿ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಊರು ಗರಗ. ರಾಷ್ಟ್ರಧ್ವಜದ ಬಟ್ಟೆ ನೇಯ್ದು ಹೆಸರಾದ ಊರು ಅದು, ದಶಕಗಳಿಂದ. ಚಿಕ್ಕವ್ವ ಅಲ್ಲಿಯ ಖಾದಿ ಕೇಂದ್ರಕ್ಕೆ ನೂಲು ಹಾಕುತ್ತಿದ್ದಳು. ಗಂಡ ಬೇಗ ಹೋದ. ಒಂದು ತುಂಡು ಹೊಲ, ಜಯಧರ ಹತ್ತಿ ಬಿತ್ತುತ್ತಿದ್ದರು, ಮಳೆ ಆದರೆ ಉಂಟು ಇಲ್ಲವಾದರೆ ಇಲ್ಲ. ಮೂರು ಮಕ್ಕಳನ್ನು ದಡ ಮುಟ್ಟಿಸಿದ್ದು ಅಂಬರ ಚರಕ.

ನಾನು ಸಣ್ಣವನಿದ್ದಾಗ ರಜೆಗೆ ಹೋದರೆ ಬೆಳಿಗ್ಗೆ ಎಚ್ಚರವಾಗುತ್ತಿದ್ದುದೇ ಆ ಚರಕದ ಸದ್ದಿಗೆ. ಅಂಬರ ಚರಕ ಅಂದರೆ ಗಾಂಧೀಜಿ ಫೋಟೊದಲ್ಲಿ ಕಾಣುವ ಪೆಟ್ಟಿಗೆ ಚರಕ ಅಲ್ಲ. ಕಬ್ಬಿಣದ ಚೌಕಟ್ಟು, ಸಾಲಾಗಿ ಕದಿರುಗಳು, ಬಲಗೈಯಲ್ಲಿ ತಿರುಗಿಸುವ ಹಿಡಿ. ಮೇಲಿಂದ ಹಂಜಿ, ಅಂದರೆ ನೂಲಲು ತಯಾರಾದ ಹತ್ತಿಯ ಬತ್ತಿ, ಇಳಿಯುತ್ತಾ ಹೋಗುತ್ತದೆ, ಕೆಳಗೆ ನೂಲಾಗಿ ಸುತ್ತಿಕೊಳ್ಳುತ್ತದೆ. ಯಾವುದಾದರೂ ಎಳೆ ಕಡಿದರೆ ತಿರುಗಿಸುವುದನ್ನು ನಿಲ್ಲಿಸಿ, ಹೆಬ್ಬೆರಳಿಗೆ ಚೂರು ಉಗುಳು ಹಚ್ಚಿ, ಎರಡು ತುದಿ ಕೂಡಿಸಿ ಒಮ್ಮೆ ಹೊಸೆದರೆ ಮುಗಿಯಿತು. ಚಿಕ್ಕವ್ವ ಇದನ್ನು ನನ್ನ ಜೊತೆ ಮಾತಾಡುತ್ತಲೇ, ಚರಕದ ಕಡೆ ನೋಡದೆ ಮಾಡುತ್ತಿದ್ದಳು. ನಾನು ಎಷ್ಟು ಸಲ ಹೊಸೆದರೂ ಅಲ್ಲೊಂದು ಗಡ್ಡೆ ಉಳಿಯುತ್ತಿತ್ತು. “ಬ್ಯಾಡ ಬಿಡೋ ತಮ್ಮಾ, ನಿನ್ನ ಎಳಿ ಝಂಡಾಕ್ಕ ನಡಿಯೂದಿಲ್ಲ” ಅಂತ ನಗುತ್ತಿದ್ದಳು. ಅದು ತಮಾಷೆ ಮಾತಲ್ಲ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸಾವಿರ ಮೀಟರ್ ನೂಲಿಗೆ ಒಂದು ಲಡಿ. ಲಡಿ ಕೇಂದ್ರಕ್ಕೆ ಹೋದ ಮೇಲೆ ತೂಕ ಮಾಡುತ್ತಾರೆ, ಎಳೆ ಎಳೆದು ಗಟ್ಟಿ ನೋಡುತ್ತಾರೆ. ಅಂಗಿ ಬಟ್ಟೆಗೆ ನಡೆಯುವ ನೂಲು ಬೇರೆ, ಬಾವುಟಕ್ಕೆ ನಡೆಯುವ ನೂಲು ಬೇರೆ.

ಇಲ್ಲೂ ಒಂದು ಸತ್ಯ ಹೇಳಿಬಿಡುತ್ತೇನೆ. ಹಂಜಿ ಬರುವುದು ಖಾದಿ ಆಯೋಗದ ಕಾರ್ಖಾನೆಯಿಂದ, ಚಿತ್ರದುರ್ಗದಲ್ಲಿ ಅಂಥದ್ದೊಂದಿದೆ. ಅಂದರೆ ಖಾದಿಯಲ್ಲೂ ಯಂತ್ರ ಇಲ್ಲವೇ ಇಲ್ಲ ಅಂತಲ್ಲ. ಆದರೆ ನೂಲುವುದು, ನೇಯುವುದು ಎರಡೂ ಮನುಷ್ಯರ ಕೈಯಲ್ಲಿ ಉಳಿದಿವೆ. ಕೂಲಿ ಸಿಗುವುದೂ ಅಲ್ಲೇ.

2012ರಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಬೆಂಗೇರಿಗೆ ಕರೆದುಕೊಂಡು ಹೋಗಿದ್ದೆ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. 1957ರ ನವೆಂಬರ್ 1ರಂದು ಶುರುವಾದ ಸಂಸ್ಥೆ. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಅಲ್ಲಿಗೆ ಬಂದು ಬಾವುಟವಾಗುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಇರುವ ಖಾದಿ ಧ್ವಜ ಬೇಕೆಂದರೆ ಬಹುಕಾಲ ಇಡೀ ದೇಶ ಬೆಂಗೇರಿಗೇ ಬರೆಯಬೇಕಿತ್ತು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಇದು ಗೊತ್ತೇ ಇರಲಿಲ್ಲ. ಹುಬ್ಬಳ್ಳಿ ಅಂದರೆ ಅವರಿಗೆ ರೈಲ್ವೆ ಪ್ಲಾಟ್‌ಫಾರಂ, ಗಿರ್ಮಿಟ್ ಅಷ್ಟೇ.

ಒಳಗೆ ಹೆಚ್ಚಿನವರು ಹೆಣ್ಣುಮಕ್ಕಳು. ಬಿಳಿ ಪಟ್ಟಿಯ ಮೇಲೆ ಚಕ್ರ ಅಚ್ಚು ಹಾಕುವ ಮೇಜಿನ ಹತ್ತಿರ ನಾವು ತುಂಬ ಹೊತ್ತು ನಿಂತೆವು. ಒಂದು ಮಗ್ಗುಲಿಗೆ ಅಚ್ಚು ಹಾಕಿದರೆ ಮುಗಿಯಲಿಲ್ಲ. ಬಟ್ಟೆ ತಿರುಗಿಸಿ ಇನ್ನೊಂದು ಮಗ್ಗುಲಿಗೂ ಹಾಕಬೇಕು. ಮೊದಲನೆಯ ಚಕ್ರದ ಮೇಲೇ ಎರಡನೆಯದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಒಬ್ಬರು ಪ್ರತಿ ಪಟ್ಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಮ್ಮ ಕಣ್ಣಿಗೆ ಸರಿಯಾಗೇ ಕಂಡ ಒಂದನ್ನು ತೆಗೆದು ಪಕ್ಕಕ್ಕೆ ಎಸೆದರು. ಅದರಲ್ಲಿ ಏನು ತಪ್ಪಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮುಂದಿನ ಸಾಲಿನಲ್ಲಿ ಹೊಲಿಗೆ. ಮೂರು ಬಣ್ಣದ ಪಟ್ಟಿ ಬೇರೆ ಬೇರೆ, ಅವನ್ನು ಜೋಡಿಸಿ ಹೊಲಿಯುವುದು. ಕಂಬದ ಕಡೆಗೆ ದಪ್ಪ ಖಾದಿಯ ಪಟ್ಟಿ, ಅದರೊಳಗೆ ಹಗ್ಗ, ಹಗ್ಗದ ತುದಿಗೆ ಒಂದು ಪುಟ್ಟ ಮರದ ತುಂಡು. ನಮ್ಮ ಹುಡುಗಿಯೊಬ್ಬಳು ಬಾಯಿ ಬಿಟ್ಟು ಕೇಳಿಯೇ ಬಿಟ್ಟಳು: “ಎಲ್ಲಾ ಮಷಿನ್ ಮ್ಯಾಲೆ ಮಾಡಿದ್ರ ಲಗೂನ ಆಗ್ತಿತ್ತಲ್ರೀ?” ಹೊಲಿಯುತ್ತಿದ್ದಾಕೆ ಕಾಲು ನಿಲ್ಲಿಸಲಿಲ್ಲ. “ಇದೂ ಮಷಿನ್ನ ಐತೆವ್ವಾ. ನಾ ಇಲ್ಲದ ಅದು ಹೊಲಿಯೂದಿಲ್ಲ ಅಷ್ಟ” ಅಂದರು. ಮಕ್ಕಳು ನಕ್ಕರು. ನನಗೆ ಆ ಮಾತು ತಲೆಯಲ್ಲಿ ಉಳಿಯಿತು.

ಅಲ್ಲಿ ಗೋಡೆಗೆ ಅಳತೆಗಳ ಪಟ್ಟಿ ಹಾಕಿದ್ದರು. ಒಂಬತ್ತು ಅಳತೆ. ದೊಡ್ಡದು 21 ಅಡಿಗೆ 14 ಅಡಿ. ಸಣ್ಣದು ಮೇಜಿನ ಮೇಲೆ ಇಡುವುದು, 6 ಇಂಚಿಗೆ 4 ಇಂಚು. ಯಾವುದೇ ಆಗಲಿ ಉದ್ದ ಅಗಲ ಮೂರಕ್ಕೆ ಎರಡು. ಐಎಸ್‌ಐ ಮಾನಕಗಳಿಗೆ ನಂಬರ್ ಇರುತ್ತದಲ್ಲ, ಅದರಲ್ಲಿ ನಂಬರ್ 1 ಯಾವುದು ಅಂತ ಎಷ್ಟು ಜನರಿಗೆ ಗೊತ್ತಿದೆ? ರಾಷ್ಟ್ರಧ್ವಜದ್ದು. ಸ್ವತಂತ್ರ ದೇಶ ಮೊದಲು ಅಳತೆ ಕಟ್ಟಿದ್ದು ಸಿಮೆಂಟಿಗಲ್ಲ, ಕುಕ್ಕರಿಗಲ್ಲ, ಬಾವುಟಕ್ಕೆ. ಈ ಮಾತನ್ನು ಕ್ವಿಜ್‌ನಲ್ಲಿ ಕೇಳಿ ಎಷ್ಟೋ ಮೇಷ್ಟ್ರುಗಳನ್ನೂ ಸೋಲಿಸಿದ್ದೇನೆ.

ಈಗ ಅಂಗಡಿ ಬಾವುಟದ ಕಡೆ ಬನ್ನಿ. ನಿವೃತ್ತನಾದ ಮೇಲೂ ಆಗಸ್ಟ್ 15ಕ್ಕೆ ಶಾಲೆಯವರು ಕರೆಯುತ್ತಾರೆ, ಹೋಗುತ್ತೇನೆ. ಎರಡು ವರ್ಷದ ಹಿಂದೆ ಹೋದಾಗ ಪೇಟೆಯಿಂದ ಹೊಸ ಬಾವುಟ ತಂದಿಟ್ಟಿದ್ದರು. ಬಿಚ್ಚಿ ನೋಡಿದೆ. ಚಕ್ರ ಕೋಳಿಮೊಟ್ಟೆಯಂತೆ ಉದ್ದವಾಗಿತ್ತು. ಹಳೆ ಚಾಳಿ, ಗೆರೆ ಎಣಿಸಿದೆ. 22! ಮತ್ತೊಮ್ಮೆ ಎಣಿಸಿದೆ. ಮಕ್ಕಳಿಗೆ ವರ್ಷಗಟ್ಟಲೆ 24 ಅಂತ ಬಾಯಿಪಾಠ ಮಾಡಿಸಿದವನು ನಾನು. ಕೇಸರಿ ಅಂದರೆ ಒಳ್ಳೆ ಕಿತ್ತಳೆ ಹಣ್ಣಿನ ಬಣ್ಣ. ಉದ್ದ ಅಗಲವೂ ಸರಿ ಇರಲಿಲ್ಲ. ಆದರೆ ಅಷ್ಟೊತ್ತಿಗೆ ಏಳೂವರೆಯಾಗಿತ್ತು, ಮಕ್ಕಳು ಸಾಲಾಗಿ ನಿಂತಿದ್ದರು. ಅದನ್ನೇ ಮಡಚಿ, ಒಳಗೆ ಚೆಂಡುಹೂವಿನ ಎಸಳು ಹಾಕಿ ಕಟ್ಟಿದೆ.

ಖಾದಿ ಒರಟು, ಹಗ್ಗ ಅದರ ಮೇಲೆ ಕಚ್ಚಿ ಕೂರುತ್ತದೆ. ಎಳೆದಾಗಲೇ ಬಿಚ್ಚುತ್ತದೆ. ಈ ನುಣುಪು ಬಟ್ಟೆಯ ಮೇಲೆ ನನ್ನ ಗಂಟು ನಿಲ್ಲಲಿಲ್ಲ. ಮೇಲಕ್ಕೆ ಏರಿಸಿ ಕಟ್ಟುವಾಗ ಅರ್ಧದಲ್ಲೇ ಜಾರಿ ಬಿಚ್ಚಿಕೊಂಡಿತು. ಎಸಳೆಲ್ಲ ನನ್ನ ಬೋಳುತಲೆ ಮೇಲೆ ಬಿದ್ದವು. ಅತಿಥಿಗಳು ಇನ್ನೂ ಕಾರಿನಿಂದ ಇಳಿಯುತ್ತಿದ್ದರು. ಮಕ್ಕಳಿಗಂತೂ ಹಬ್ಬ. ನಾನು ಇಳಿಸಿ ಮತ್ತೆ ಮಡಚಿ ಕಟ್ಟುವವರೆಗೆ ಬ್ಯಾಂಡಿನವರು ಅದೇ ಹಾಡನ್ನು ಮೂರು ಸಲ ಬಾರಿಸಿದರು.

ಪಾಲಿಯೆಸ್ಟರ್‌ನ ಒಳ್ಳೆ ಗುಣವನ್ನೂ ಹೇಳಬೇಕಲ್ಲ. ನಮ್ಮ ಕಡೆ ಆಗಸ್ಟ್ ಅಂದರೆ ಜಿಟಿಜಿಟಿ ಮಳೆ. ಖಾದಿ ನೆಂದರೆ ಭಾರ, ಗಾಳಿ ಜೋರಾಗಿ ಬೀಸಿದರೂ ಕಂಬಕ್ಕೆ ಜೋತುಬೀಳುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಸಣ್ಣ ಗಾಳಿಗೂ ಪಟಪಟ ಅನ್ನುತ್ತದೆ. ಫೋಟೊದಲ್ಲಿ ಚೆನ್ನಾಗಿ ಬರುತ್ತದೆ. ನಿಜ.

ಇನ್ನು ರೇಟು. ಎಲ್ಲ ಮಾತೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಹೋದ ವಾರ ಶಾಲಾ ಸಮಿತಿಯ ಅಧ್ಯಕ್ಷರ ಹತ್ತಿರ ಈ ವಿಷಯ ಎತ್ತಿದೆ. ನನ್ನ ಹಳೆಯ ವಿದ್ಯಾರ್ಥಿಯೇ. “ಮಾಸ್ತರ, ಅಂಗಡ್ಯಾಗ ನೂರೈವತ್ತಕ್ಕ ಸಿಗತೈತ್ರಿ. ಖಾದಿದು ಭಾಳ ತುಟ್ಟಿ. ಮ್ಯಾಲಿನವರು ಬಿಲ್ ಕೇಳ್ತಾರ” ಅಂದ. ಅವನದ್ದೂ ತಪ್ಪಲ್ಲ. ಸರ್ಕಾರ ಕೊಡುವ ಅನುದಾನದಲ್ಲೇ ಚಾಕ್‌ಪೀಸು, ಪೊರಕೆ, ಬೀಗ, ಬಕೆಟ್ಟು ಎಲ್ಲ ಆಗಬೇಕು. ಖಾದಿ ಬಾವುಟದ ಬೆಲೆ ಅಂಗಡಿಯದರ ಎಷ್ಟೋ ಪಟ್ಟು.

ಅದಕ್ಕೆ ನನ್ನ ಕಾಲದ ಲೆಕ್ಕ ಹೇಳಿದೆ. 1998ರಲ್ಲಿ ಧಾರವಾಡದ ಖಾದಿ ಭಂಡಾರದಲ್ಲಿ ಒಂದು ಬಾವುಟ ಕೊಂಡಿದ್ದೆವು. ವರ್ಷಕ್ಕೆ ನಾಲ್ಕಾರು ದಿನ ಹಾರಿಸುವುದು. ಸಂಜೆ ಇಳಿಸುವುದು, ನೆಂದಿದ್ದರೆ ಸ್ಟಾಫ್ ರೂಮಿನಲ್ಲಿ ಒಣಹಾಕುವುದು, ಎರಡು ಬೇವಿನ ಸೊಪ್ಪು ಇಟ್ಟು ಕಪಾಟಿಗೆ ಸೇರಿಸುವುದು. 2011ರವರೆಗೆ ಬಂತು. ಹದಿಮೂರು ವರ್ಷ. ಅದಾದ ಮೇಲೆ ಕೊಂಡದ್ದನ್ನೇ ನಾವು ಹೋದ ತಿಂಗಳು ಸುಟ್ಟದ್ದು. ನಾನು ಬಿಟ್ಟ ಮೇಲೆ ಐದು ಪಾಲಿಯೆಸ್ಟರ್ ಬಂದು ಹೋಗಿವೆ. ಯಾವುದು ತುಟ್ಟಿ ಅಂತ ಅವನೇ ಹೇಳಲಿ. ಪಂಚಾಯಿತಿ ಕಚೇರಿಯ ಲೆಕ್ಕ ಮಾತ್ರ ಬೇರೆ. ಅಲ್ಲಿ ದಿನಾ ಹಾರಿಸುತ್ತಾರೆ, ಬಿಸಿಲು ಮಳೆಗೆ ಯಾವ ಬಟ್ಟೆಯೂ ಬಹಳ ದಿನ ತಾಳುವುದಿಲ್ಲ. ಅವರಿಗೆ ಖರ್ಚು ಜಾಸ್ತಿಯೇ ಬೀಳುತ್ತದೆ. ಅದನ್ನು ಸರ್ಕಾರ ಭರಿಸಬೇಕು, ಸೆಕ್ರೆಟರಿ ಅಲ್ಲ.

ರಾಜ್ಯದಲ್ಲಿ ಸರ್ಕಾರಿ ಶಾಲೆಗಳೇ 40 ಸಾವಿರಕ್ಕೂ ಹೆಚ್ಚಿವೆ. ಗ್ರಾಮ ಪಂಚಾಯಿತಿಗಳು 6 ಸಾವಿರದ ಹತ್ತಿರ. ಇಪ್ಪತ್ತು ಕೋಟಿ ಬಾವುಟ ಕೈಯಿಂದ ಆಗದು, ಒಪ್ಪಿದೆ. ಇಷ್ಟಾದರೂ ಆಗದೇ? ಆಗುತ್ತದೆ. ಮೊದಲು ಆಗುತ್ತಿತ್ತು. ಆರ್ಡರ್ ಇದ್ದರೆ ನೂಲುವವರು ನೂಲುತ್ತಾರೆ. ಆರ್ಡರ್ ಇಲ್ಲದೆ ಎರಡು ವರ್ಷ ಕೂತರೆ ಚರಕ ಅಟ್ಟ ಸೇರುತ್ತದೆ, ಹೆಣ್ಣುಮಗಳು ಗಾರ್ಮೆಂಟ್ಸಿಗೋ ಕೂಲಿಗೋ ಹೋಗುತ್ತಾಳೆ. ಆಮೇಲೆ ನೀವು ಎಷ್ಟು ದುಡ್ಡು ಸುರಿದರೂ ಅವಳು ತಿರುಗಿ ಬರುವುದಿಲ್ಲ. ನಮ್ಮ ಚಿಕ್ಕವ್ವನ ಸೊಸೆ ನೂಲುವುದನ್ನು ಕಲಿಯಲೇ ಇಲ್ಲ. ಕಲಿ ಅಂತ ಹೇಳುವ ಮುಖ ನಮಗೂ ಇರಲಿಲ್ಲ.

ಕೆಲವರು ಹೇಳುತ್ತಾರೆ, ಈಗ ಜಗತ್ತೇ ಒಂದು ಸಂತೆ, ಅಗ್ಗವಾದದ್ದು ನಿಲ್ಲುತ್ತದೆ, ಉಳಿದದ್ದು ಹೋಗುತ್ತದೆ ಅಂತ. ಇರಬಹುದು. ಬಕೆಟ್ಟು, ಚಪ್ಪಲಿ, ಗಡಿಯಾರಕ್ಕೆ ಆ ಮಾತು ಹೇಳಿ. ಬಾವುಟ ಸಂತೆಯಲ್ಲಿ ತಾನಾಗಿ ಸೋತಿಲ್ಲ. ನಿಯಮ ಅದನ್ನು ಕಾಯುತ್ತಿತ್ತು, ನಿಯಮ ತಿದ್ದಿ ಸೋಲಿಸಿದರು. 2019ರಲ್ಲಿ ಇದೇ ಸರ್ಕಾರ ಧ್ವಜ ಸಂಹಿತೆಗೆ ಹೊಂದದ ಬಾವುಟಗಳನ್ನು ಹೊರದೇಶದಿಂದ ತರಿಸುವುದನ್ನು ನಿಷೇಧಿಸಿತ್ತು. ಒಳ್ಳೆಯ ಕೆಲಸ. ಎರಡು ವರ್ಷದಲ್ಲಿ ಸಂಹಿತೆಯನ್ನೇ ಸಡಿಲ ಮಾಡಿದರೆ ಆ ನಿಷೇಧ ತಡೆಯುವುದು ಯಾವ ಬಾವುಟವನ್ನು? ನನ್ನ ಮೊದ್ದು ತಲೆಗೆ ಇದು ಹೊಳೆಯುತ್ತಿಲ್ಲ. ಪಾಲಿಯೆಸ್ಟರ್ ನೂಲು ಆಗುವುದು ಕಚ್ಚಾ ಎಣ್ಣೆಯಿಂದ. ಆ ಎಣ್ಣೆಯ ಬಹುಪಾಲು ನಾವು ಹೊರಗಿನಿಂದಲೇ ತರಿಸುವುದು. ನಮ್ಮ ಎರೆಹೊಲದ ಹತ್ತಿ ಇಲ್ಲೇ ಬಿದ್ದಿದೆ.

1931ರಲ್ಲಿ ಕಾಂಗ್ರೆಸ್ ಒಪ್ಪಿಕೊಂಡ ಬಾವುಟದ ನಡುವೆ ಚರಕದ ಚಿತ್ರ ಇತ್ತು. 1947ರ ಜುಲೈ 22ರಂದು ಸಂವಿಧಾನ ಸಭೆ ಈಗಿನ ಧ್ವಜವನ್ನು ಒಪ್ಪಿದಾಗ ಚರಕ ಹೋಗಿ ಚಕ್ರ ಬಂತು. ಚಿತ್ರದಿಂದ ಹೋದರೂ ಚರಕ ಬಟ್ಟೆಯಲ್ಲಿ ಉಳಿದಿತ್ತು. ಇಂಥದ್ದನ್ನೆಲ್ಲ ನನಗೆ ಹೇಳಿಕೊಟ್ಟವರು ಸೇವಾದಳದ ಶಿಬಿರದ ಹಿರಿಯರು. ಡ್ರಿಲ್ಲಿಗೂ ಬಾವುಟಕ್ಕೂ ನಂಟು ಹಾಕಿದವರು ನಾ.ಸು. ಹರ್ಡೀಕರರು, ಹುಬ್ಬಳ್ಳಿಯವರೇ. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಎಂಬ ಸ್ವಾತಂತ್ರ್ಯ ಹೋರಾಟದ ಸ್ವಯಂಸೇವಕರ ಪಡೆ ಕಟ್ಟಿದವರು. ನಮ್ಮಂಥ ಡ್ರಿಲ್ ಮಾಸ್ತರರಿಗೆ ಅವರು ಒಂಥರಾ ಕುಲಗುರು.

ಖಾದಿಯವರ ತಪ್ಪು ಇಲ್ಲವೇ? ಇದೆ. ಒಮ್ಮೆ ಒಂದು ಖಾದಿ ಅಂಗಡಿಗೆ ಆಗಸ್ಟ್ 10ಕ್ಕೆ ಹೋದರೆ “ಸ್ಟಾಕ್ ಇಲ್ಲ, ಹದಿನಾರಕ್ಕ ಬರ್ರಿ” ಅಂದರು. ಹದಿನಾರಕ್ಕೆ ಬಾವುಟ ತಗೊಂಡು ನಾನೇನು ಮಾಡಲಿ? ಮಧ್ಯಾಹ್ನ ಹೋದರೆ ಬಾಗಿಲು ಹಾಕಿರುತ್ತಾರೆ. ಅಳತೆ ಕೇಳಿದರೆ ಅವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಪೇಟೆಯ ಅಂಗಡಿಯವನು ಮನೆ ಬಾಗಿಲಿಗೆ ತಂದುಕೊಡುತ್ತಾನೆ, ನಗುತ್ತಾ ಮಾತಾಡುತ್ತಾನೆ. ಸುಮ್ನೆ ದೇಶಭಕ್ತಿಯ ಹೆಸರು ಹೇಳಿದರೆ ಗಿರಾಕಿ ಬರುವುದಿಲ್ಲ, ಅಲ್ವಾ? ತಾಲ್ಲೂಕಿನ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಶಾಲೆಗಳ ಬೇಡಿಕೆಯನ್ನು ಜೂನ್‌ನಲ್ಲೇ ಒಟ್ಟು ಮಾಡಿ ಒಂದೇ ಆರ್ಡರ್ ಕಳಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಪಠ್ಯಪುಸ್ತಕಕ್ಕೆ, ಸಮವಸ್ತ್ರಕ್ಕೆ ಹಾಗೇ ಮಾಡುತ್ತಾರಲ್ಲ. ಜೊತೆಗೆ ಅನುದಾನದ ಆದೇಶದಲ್ಲಿ ‘ಐಎಸ್‌ಐ ಗುರುತಿನ ಖಾದಿ ಧ್ವಜ’ ಅಂತ ನಾಲ್ಕು ಪದ ಸೇರಿಸಿದರೆ ನಮ್ಮ ಅಧ್ಯಕ್ಷನಿಗೆ ಬಿಲ್ಲಿನ ಹೆದರಿಕೆಯೂ ಇರುವುದಿಲ್ಲ. ಧ್ವಜ ಸಂಹಿತೆ ಪಾಲಿಯೆಸ್ಟರ್‌ಗೆ ಅವಕಾಶ ಕೊಟ್ಟಿದೆ ಅಷ್ಟೇ. ಪಾಲಿಯೆಸ್ಟರನ್ನೇ ಕೊಳ್ಳಿ ಅಂತ ಎಲ್ಲೂ ಹೇಳಿಲ್ಲ. ರಾಜ್ಯ ಸರ್ಕಾರ ತನ್ನ ಶಾಲೆಗಳಿಗೆ ಖಾದಿ ತಗೊಳ್ಳಿ ಅನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಪತ್ರ ಉದ್ದವಾಯಿತು. ಕತ್ತರಿಸಬೇಕಾದರೆ ನನ್ನ ಬೋಳುತಲೆಯ ಪ್ರಸಂಗ ತೆಗೆಯಿರಿ, ಚಿಕ್ಕವ್ವನದ್ದು ಹಾಗೇ ಇರಲಿ.

ಈ ಸಲ ನಮ್ಮ ಶಾಲೆಗೆ ಬಾವುಟ ನಾನೇ ಕೊಡಿಸುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಮೊನ್ನೆ ಆ ಹುಡುಗನನ್ನೇ ಕರೆದುಕೊಂಡು ಬೆಂಗೇರಿಗೆ ಹೋಗಿ 3 ಅಡಿಗೆ 2 ಅಡಿಯದು ತಂದೆವು. ಬಸ್ಸಿನಲ್ಲಿ ಅವನು ಬಿಚ್ಚಿ ಚಕ್ರದ ಗೆರೆ ಎಣಿಸಿದ. ನೀವೂ ತರುವುದಾದರೆ ಆಗಸ್ಟ್ ಎರಡನೇ ವಾರದವರೆಗೆ ಕಾಯಬೇಡಿ, ಆಮೇಲೆ ಜನ ಜಾಸ್ತಿ. ಹೋಗುವ ಮೊದಲು ಕಂಬದ ಎತ್ತರ ಅಳೆದುಕೊಂಡು ಹೋಗಿ. ಹಗ್ಗವನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮದು ರಾಟೆಯ ಹತ್ತಿರ ಸವೆದಿದೆ, ಬದಲಿಸಬೇಕು.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಧಾರವಾಡ ತಾಲ್ಲೂಕು